ಫ್ರಾನ್ಸ್‌ಗೆ ಇಂಗ್ಲಿಷ್ ಅಸಿಸ್ಟೆಂಟ್ ಆಗಿ ಹೊರಟಿದ್ದೀರಾ? ಮೊದಲ ತಿಂಗಳುಗಳನ್ನು ಹೀಗೆ ನಿಭಾಯಿಸಿ

ಫ್ರೆಂಚ್ ಓದಿದವರಿಗೆ ಫ್ರಾನ್ಸ್‌ನ ಶಾಲೆಗಳಲ್ಲಿ ಇಂಗ್ಲಿಷ್ ಅಸಿಸ್ಟೆಂಟ್ ಆಗಿ ಕೆಲಸ ಮಾಡುವ ಅವಕಾಶ ಇದೆ. ಫ್ರಾನ್ಸ್ ಎಜುಕಾಸ್ಯೋಂ ಆಂತೆರ್ನಾಸ್ಯೊನಾಲ್ ಅನ್ನುವ ಸಂಸ್ಥೆ ಇದನ್ನು ನೋಡಿಕೊಳ್ಳುತ್ತದೆ. ಸಾಮಾನ್ಯವಾಗಿ ಅಕ್ಟೋಬರ್ 1ರಿಂದ ಏಪ್ರಿಲ್ 30ರ ತನಕ ಏಳು ತಿಂಗಳು, ವಾರಕ್ಕೆ 12 ಗಂಟೆ. ಕೇಳೋಕೆ ಆರಾಮ ಅನ್ನಿಸುತ್ತದೆ, ಕ್ಲಾಸಿನ ಮಟ್ಟಿಗೆ ನಿಜವೂ ಹೌದು. ಕಷ್ಟ ಇರುವುದು ಕ್ಲಾಸಿನ ಹೊರಗೆ, ಅದೂ ಮೊದಲ ಎರಡು ತಿಂಗಳು.

ಒಂದು ವಿಷಯ ಈಗಲೇ ತಲೆಯಲ್ಲಿಟ್ಟುಕೊಳ್ಳಿ. ಅಲ್ಲಿ ಯಾರೂ ತಾವಾಗಿ ಬಂದು ಮನೆ ಸಿಕ್ತಾ, ಊಟಕ್ಕೇನು ಮಾಡ್ತೀರಿ ಅಂತ ವಿಚಾರಿಸುವುದು ಕಡಿಮೆ. ಬೇರೆಯವರ ವಿಷಯಕ್ಕೆ ತಲೆ ಹಾಕಬಾರದು ಅನ್ನುವುದು ಅವರ ಮರ್ಯಾದೆ. ಆದರೆ ನೀವು ಬಾಯಿಬಿಟ್ಟು ಕೇಳಿದರೆ ಅದೇ ಜನ ಕಾರಿನಲ್ಲಿ ಕೂರಿಸಿಕೊಂಡು ಮನೆ ತೋರಿಸಲು ಕರೆದೊಯ್ಯುತ್ತಾರೆ, ಹಳೆ ಹೊದಿಕೆ ತಂದುಕೊಡುತ್ತಾರೆ, ಬ್ಯಾಂಕಿಗೆ ಫೋನ್ ಮಾಡಿ ಅಪಾಯಿಂಟ್‌ಮೆಂಟ್ ಹಿಡಿದುಕೊಡುತ್ತಾರೆ. ಸಂಕೋಚದ ಸ್ವಭಾವದವರು ಇಲ್ಲೇ ಸೊರಗುವುದು.

ಶುರು ಮಾಡಬೇಕಾದ್ದು ಊರಿನಲ್ಲಿರುವಾಗಲೇ. ಅಕಾಡೆಮಿಯಿಂದ (ಅಲ್ಲಿ ಪ್ರತಿ ಪ್ರದೇಶದ ಶಿಕ್ಷಣ ಇಲಾಖೆಗೆ ಹೀಗೆ ಹೆಸರು) ನೇಮಕದ ಆದೇಶ, ಅಂದರೆ ಆರೆತೆ, ಬಂದ ತಕ್ಷಣ ಶಾಲೆಗೆ ಮೇಲ್ ಹಾಕಿ, ನಿಮ್ಮನ್ನು ನೋಡಿಕೊಳ್ಳುವ ಟೀಚರ್ ಯಾರು ಅಂತ ಕೇಳಿ. ಅವರ ಮೇಲ್ ಸಿಕ್ಕರೆ ಮೊದಲ ಪ್ರಶ್ನೆ ವಸತಿಯದ್ದೇ ಇರಲಿ. ಕೆಲವು ಲಿಸೆಗಳಲ್ಲಿ, ಅಂದರೆ ಹೈಸ್ಕೂಲುಗಳಲ್ಲಿ, ಹಾಸ್ಟೆಲ್ ರೂಮೋ ಸಣ್ಣ ಫ್ಲಾಟೋ ಖಾಲಿ ಇರುತ್ತದೆ, ಬಾಡಿಗೆ ಹೊರಗಿಗಿಂತ ತುಂಬ ಕಡಿಮೆ, ಆದರೆ ಕೇಳದವರಿಗೆ ಹೇಳುವುದಿಲ್ಲ. ಎರಡನೇ ಪ್ರಶ್ನೆ: ನನ್ನ 12 ಗಂಟೆಗಳನ್ನು ಮೂರೋ ನಾಲ್ಕೋ ದಿನಕ್ಕೆ ಒಟ್ಟು ಮಾಡಲು ಆಗುತ್ತಾ? ಟೈಮ್‌ಟೇಬಲ್ ಗಟ್ಟಿಯಾಗುವ ಮುಂಚೆ ಕೇಳಿದರೆ ಎಷ್ಟೋ ಸಲ ಆಗುತ್ತದೆ. ಒಬ್ಬರನ್ನೇ ಎರಡು ಮೂರು ಶಾಲೆಗಳಿಗೆ ಹಂಚುವುದೂ ಉಂಟು, ಆಗಂತೂ ಇದು ಬಹಳ ಮುಖ್ಯ.

ಸಂಬಳ ಕಡಿತಗಳೆಲ್ಲ ಹೋಗಿ ತಿಂಗಳಿಗೆ 800 ಯೂರೊ ಆಸುಪಾಸು ಕೈಗೆ ಸಿಗುತ್ತದೆ. ಸಣ್ಣ ಊರಿನಲ್ಲಿ ಸಾಕು, ಪ್ಯಾರಿಸ್‌ನಲ್ಲಿ ಬಿಗಿ. ಇನ್ನೊಂದು ತೊಡಕೆಂದರೆ ಪೇಪರ್ ತಡವಾದರೆ ಅಕ್ಟೋಬರ್ ಸಂಬಳ ನವೆಂಬರ್ ಕೊನೆಗೆ ಬರಬಹುದು. ಹಾಗಾಗಿ ಎರಡು ತಿಂಗಳ ಖರ್ಚು ಮತ್ತು ಮನೆಯ ಅಡ್ವಾನ್ಸ್ ಕೈಯಲ್ಲಿಟ್ಟುಕೊಂಡೇ ಹೊರಡಿ. ಅಕ್ಟೋಬರ್‌ನಲ್ಲಿ ಸಂಬಳದ ಒಂದು ಭಾಗವನ್ನು ಮುಂಗಡವಾಗಿ, ಅಕೋಂತ್ ಅಂತ, ಕೊಡುವ ವ್ಯವಸ್ಥೆ ಇದೆ. ಅದನ್ನೂ ಶಾಲೆಯ ಆಫೀಸಿನಲ್ಲಿ ವಿಚಾರಿಸಿ.

ಇನ್ನು ಪೇಪರ್‌ಗಳು. ಒಂದು ಪೇಪರ್ ಇಲ್ಲದೆ ಇನ್ನೊಂದು ಆಗುವುದಿಲ್ಲ, ಅದಕ್ಕೇ ಕ್ರಮ ತಪ್ಪಬಾರದು. ಕೆಲಸದ ಮೊದಲ ದಿನವೇ ಶಾಲೆಯ ಆಫೀಸಿಗೆ ಹೋಗಿ ಪ್ರೊಸೆ-ವೆರ್ಬಾಲ್‌ಗೆ, ಅಂದರೆ ಕೆಲಸಕ್ಕೆ ಹಾಜರಾದೆ ಅನ್ನುವ ಪತ್ರಕ್ಕೆ, ಸಹಿ ಹಾಕಿ. ಅದು ಅಕಾಡೆಮಿಗೆ ಹೋದ ಮೇಲೇ ಸಂಬಳದ ಚಕ್ರ ಉರುಳುವುದು. ಮನೆ ಸಿಕ್ಕ ಕೂಡಲೇ ವಿಳಾಸದ ಪುರಾವೆ ತೆಗೆದುಕೊಳ್ಳಿ. ಯಾರದೋ ಮನೆಯಲ್ಲಿ ಉಳಿದಿದ್ದರೆ ಅವರು ಬರೆದುಕೊಡುವ ಪತ್ರ ಮತ್ತು ಅವರ ಗುರುತಿನ ಚೀಟಿಯ ಕಾಪಿ ನಡೆಯುತ್ತದೆ. ಅದನ್ನು ಹಿಡಿದು ಬ್ಯಾಂಕ್, ಬ್ಯಾಂಕಿನಿಂದ ರಿಬ್, ಅಂದರೆ ನಿಮ್ಮ ಅಕೌಂಟ್ ವಿವರದ ಹಾಳೆ. ಈ ರಿಬ್ ಅನ್ನು ಎಲ್ಲರೂ ಕೇಳುತ್ತಾರೆ: ಶಾಲೆ, ಫೋನ್ ಕಂಪನಿ, ವಸತಿ ಸಹಾಯದವರು, ಆರೋಗ್ಯ ವಿಮೆಯವರು. ಹತ್ತು ಕಾಪಿ ಮಾಡಿಟ್ಟುಕೊಳ್ಳಿ.

ವೀಸಾ ವಿಎಲ್‌ಎಸ್-ಟಿಎಸ್ (ವಾಸದ ಪರವಾನಗಿಯೂ ಆಗುವ ದೀರ್ಘಾವಧಿ ವೀಸಾ) ಆಗಿದ್ದರೆ ಫ್ರಾನ್ಸ್‌ಗೆ ಇಳಿದ ಮೂರು ತಿಂಗಳೊಳಗೆ ಆನ್‌ಲೈನ್‌ನಲ್ಲಿ ವ್ಯಾಲಿಡೇಟ್ ಮಾಡಲೇಬೇಕು. ಮೊದಲ ವಾರದಲ್ಲೇ ಮುಗಿಸಿಬಿಡಿ. ಮರೆತು ಕ್ರಿಸ್‌ಮಸ್ ರಜೆಗೆ ದೇಶದಾಚೆ ಹೋದರೆ ವಾಪಸ್ ಬರುವುದೇ ತಲೆನೋವಾಗುತ್ತದೆ. ಈ ವೀಸಾದಲ್ಲಿ ಉಳಿದ ಷೆಂಗೆನ್ ದೇಶಗಳಿಗೆ 180 ದಿನಗಳಲ್ಲಿ 90 ದಿನದ ತನಕ ಹೋಗಿ ಬರಬಹುದು. ಲಂಡನ್‌ಗೆ ಮಾತ್ರ ಬೇರೆ ವೀಸಾ ಬೇಕು.

ಆರೋಗ್ಯ ವಿಮೆಗೆ ಜನನ ಪ್ರಮಾಣಪತ್ರ ಬೇಕು, ಅದರಲ್ಲಿ ಅಪ್ಪ ಅಮ್ಮನ ಹೆಸರಿರಬೇಕು. ಫ್ರೆಂಚ್ ಅನುವಾದ ಕೇಳಿದರೆ ಕೋರ್ಟಿನ ಪಟ್ಟಿಯಲ್ಲಿರುವ ಅನುವಾದಕರಿಂದಲೇ ಮಾಡಿಸಿ, ನಾನೇ ಚೆನ್ನಾಗಿ ಮಾಡಿದ್ದೀನಿ ಅಂದರೂ ಒಪ್ಪುವುದಿಲ್ಲ. ಕಾರ್ತ್ ವಿಟಾಲ್, ಅಂದರೆ ಆರೋಗ್ಯ ವಿಮೆಯ ಕಾರ್ಡ್, ಬರಲು ತಿಂಗಳುಗಳೇ ಹಿಡಿಯಬಹುದು. ಅಷ್ಟರಲ್ಲಿ ಜ್ವರ ಬಂದರೆ ಸುಮ್ನೆ ಮಲಗಬೇಡಿ. ಡಾಕ್ಟೊಲಿಬ್ ಆ್ಯಪ್‌ನಲ್ಲಿ ಡಾಕ್ಟರನ್ನು ಹುಡುಕಿ, ಸಾಮಾನ್ಯ ಡಾಕ್ಟರ್ ಫೀ 30 ಯೂರೊ ಕೊಟ್ಟು, ಫೆಯ್ ದ ಸ್ವಾಂ ಅನ್ನುವ ಕಂದು ಬಣ್ಣದ ಫಾರ್ಮ್ ಕೇಳಿ ಪಡೆಯಿರಿ. ನಿಮ್ಮ ವಿಮೆಯ ನಂಬರ್ ಬಂದ ಮೇಲೆ ಆ ಫಾರ್ಮ್ ಕಳಿಸಿದರೆ ಬಹುಪಾಲು ದುಡ್ಡು ವಾಪಸ್ ಬರುತ್ತದೆ. ತುರ್ತಿಗೆ 15 ಅಥವಾ 112.

ಮನೆ ಹುಡುಕುವಾಗ ಒಂದೇ ಮಾತು: ಕಣ್ಣಾರೆ ನೋಡದೆ ದುಡ್ಡು ಕಳಿಸಬೇಡಿ. ನಾನು ವಿದೇಶದಲ್ಲಿದ್ದೇನೆ, ಕೀ ಕೊರಿಯರ್ ಮಾಡ್ತೀನಿ ಅನ್ನುವ ಮಾಲೀಕರೆಲ್ಲ ಮೋಸಗಾರರು ಅಂತಲೇ ತಿಳಿಯಿರಿ. ಮೊದಲ ವಾರಕ್ಕೆ ಹಾಸ್ಟೆಲ್ ಬುಕ್ ಮಾಡಿ, ಅಲ್ಲಿಂದ ಹುಡುಕಿ. ಜಾಮೀನು ಕೊಡುವವರು ಬೇಕು ಅನ್ನುತ್ತಾರೆ, ನಮಗೆ ಅಲ್ಲಿ ಯಾರಿರುತ್ತಾರೆ ಹೇಳಿ. ಅದಕ್ಕೆ ವಿಸಾಲ್ ಇದೆ, 30 ವರ್ಷದವರೆಗಿನವರಿಗೆ ಪುಕ್ಕಟೆ ಸಿಗುವ ಜಾಮೀನು. ಕರಾರಿಗೆ ಸಹಿ ಹಾಕುವ ಮುಂಚೆಯೇ ಅರ್ಜಿ ಹಾಕಬೇಕು. ಮನೆಗೆ ಹೋದ ತಿಂಗಳೇ ಕಾಫ್ ಅನ್ನುವ ಸರ್ಕಾರಿ ಸಹಾಯಧನ ಸಂಸ್ಥೆಯ ವೆಬ್‌ಸೈಟ್‌ನಲ್ಲಿ ಬಾಡಿಗೆ ಸಹಾಯಕ್ಕೂ ಅರ್ಜಿ ಹಾಕಿ. ಮೊದಲ ತಿಂಗಳದ್ದು ಕೊಡುವುದಿಲ್ಲ, ತಡವಾಗಿ ಹಾಕಿದರೆ ಹಿಂದಿನ ತಿಂಗಳುಗಳದ್ದೂ ಹೋದಂತೆಯೇ.

ಈಗ ಕ್ಲಾಸಿನ ಮಾತು, ನನಗೆ ತುಂಬ ಇಷ್ಟವಾದದ್ದು. ಮೊದಲಿಗೆ ತರಗತಿಗಳ ಲೆಕ್ಕ ಉಲ್ಟಾ ಅಂತ ತಿಳಿದಿರಲಿ. ಕೊಲ್ಲೆಜ್‌ಗೆ, ಅಂದರೆ ಮಾಧ್ಯಮಿಕ ಶಾಲೆಗೆ, ಸೇರುವ 11 ವರ್ಷದ ಮಕ್ಕಳದ್ದು ಆರನೇ ತರಗತಿ, ಆಮೇಲೆ ಐದು, ನಾಲ್ಕು, ಮೂರು. ಮೂರನೇ ತರಗತಿ ಕೊಟ್ಟಿದ್ದಾರೆ ಅಂತ ಪುಟಾಣಿಗಳ ಹಾಡು ರೆಡಿ ಮಾಡಿಕೊಂಡು ಹೋದರೆ ಎದುರಿಗೆ 14-15 ವರ್ಷದವರು ಕೂತಿರುತ್ತಾರೆ.

ವ್ಯಾಕರಣ ಕಲಿಸುವುದು, ಅಂಕ ಹಾಕುವುದು, ಶಿಸ್ತು ನೋಡುವುದು ಟೀಚರ್ ಕೆಲಸ. ನಿಮ್ಮ ಕೆಲಸ ಮಕ್ಕಳ ಬಾಯಿ ಬಿಡಿಸುವುದು. ಫ್ರೆಂಚ್ ಮಕ್ಕಳಿಗೆ ತಪ್ಪು ಇಂಗ್ಲಿಷ್ ಮಾತಾಡಿ ಎಲ್ಲರೆದುರು ನಗೆಪಾಟಲಾಗುವ ಭಯ ಜಾಸ್ತಿ. ಏನಾದರೂ ಹೇಳಿ ಅಂದರೆ ಎಲ್ಲರೂ ಡೆಸ್ಕ್ ನೋಡುತ್ತಾರೆ. ಅದಕ್ಕೇ ಇಡೀ ಕ್ಲಾಸ್ ಬೇಡ, ಎಂಟು ಹತ್ತು ಜನರ ಗುಂಪು ಕೊಡಿ ಅಂತ ಟೀಚರನ್ನು ಕೇಳಿಕೊಳ್ಳಿ. ಆಮೇಲೆ ಹೀಗೆ ಮಾಡಿ ನೋಡಿ. ನಿಮ್ಮ ಊರಿನ ಏಳೆಂಟು ಫೋಟೊ ಪ್ರಿಂಟ್ ಮಾಡಿಕೊಂಡು ಹೋಗಿ. ಸ್ಮಾರಕಗಳದ್ದು ಬೇಡ, ಬಸ್ ಸ್ಟ್ಯಾಂಡ್, ನಿಮ್ಮ ಹಳೆ ಶಾಲೆಯ ಅಂಗಳ, ಮನೆಮುಂದಿನ ರಸ್ತೆ, ಇಂಥವು. ಇಬ್ಬಿಬ್ಬರನ್ನು ಬೆನ್ನಿಗೆ ಬೆನ್ನು ಮಾಡಿ ಕೂರಿಸಿ. ಒಬ್ಬರ ಕೈಲಿ ಫೋಟೊ, ಇನ್ನೊಬ್ಬರ ಕೈಲಿ ಪೆನ್ಸಿಲ್. ಫೋಟೊ ಹಿಡಿದವರು ಇಂಗ್ಲಿಷ್‌ನಲ್ಲಿ ವಿವರಿಸಬೇಕು, ಇನ್ನೊಬ್ಬರು ಕೇಳಿ ಕೇಳಿ ಚಿತ್ರ ಬಿಡಿಸಬೇಕು. ಎಡಗಡೆ ಹಸು, ಇಲ್ಲ ಇಲ್ಲ ಇನ್ನೂ ದೊಡ್ಡದು, ಬಸ್ಸಿನ ಹಿಂದೆ! ಐದು ನಿಮಿಷದಲ್ಲಿ ಗಲಾಟೆ ಶುರುವಾಗುತ್ತದೆ, ವ್ಯಾಕರಣ ಮರೆತು ಮಾತಾಡುತ್ತಿರುತ್ತಾರೆ. ಮಧ್ಯೆ ತಿದ್ದಬೇಡಿ. ಕೇಳಿಸಿದ ಎರಡು ಮೂರು ತಪ್ಪುಗಳನ್ನು ಕೊನೆಗೆ ಬೋರ್ಡ್ ಮೇಲೆ ಬರೆಯಿರಿ, ಯಾರು ಹೇಳಿದ್ದು ಅಂತ ಹೇಳದೆ.

ನಿಮಗೆ ಫ್ರೆಂಚ್ ಬರುತ್ತದೆ ಅನ್ನುವುದನ್ನು ಮೊದಲ ಕೆಲವು ವಾರ ಮಕ್ಕಳಿಗೆ ತೋರಿಸಿಕೊಳ್ಳಬೇಡಿ. ಗೊತ್ತಾದರೆ ಇಂಗ್ಲಿಷ್ ನಿಂತೇಹೋಗುತ್ತದೆ. ನಿಮ್ಮ ಉಚ್ಚಾರ ಬ್ರಿಟಿಷರ ಥರ ಇಲ್ಲ ಅಂತ ಅಳುಕುವುದೂ ಬೇಡ. ಇಂಗ್ಲಿಷ್ ಬಗೆಬಗೆಯಾಗಿ ಕೇಳಿಸುತ್ತದೆ ಅಂತ ಆ ಮಕ್ಕಳಿಗೆ ತಿಳಿಯುವುದೇ ನಿಮ್ಮಂಥವರಿಂದ.

ಟೀಚರ್ಸ್ ರೂಮಿಗೆ ದಿನಾ ಹೋಗಿ. ಒಳಗೆ ಕಾಲಿಟ್ಟ ತಕ್ಷಣ ಎಲ್ಲರಿಗೂ ಕೇಳುವ ಹಾಗೆ ಬೋಂಜೂರ್ ಹೇಳಿ, ಅದಿಲ್ಲದೆ ಮಾತು ಶುರು ಮಾಡುವುದು ಅಲ್ಲಿ ಒರಟುತನ, ಅಂಗಡಿ ಬಸ್ಸುಗಳಲ್ಲೂ ಅಷ್ಟೇ. ಟೀಚರ್ ರಜೆ ಹಾಕಿದ್ದೋ ಮುಷ್ಕರ ಇದ್ದದ್ದೋ ನಿಮಗೆ ಹೇಳುವುದನ್ನು ಮರೆಯುತ್ತಾರೆ, ನೀವು ಬೆಳಗ್ಗೆ ಬಸ್ ಹಿಡಿದು ಹೋಗಿ ಖಾಲಿ ಕ್ಲಾಸ್ ನೋಡಿ ಬರಬೇಕಾಗುತ್ತದೆ. ಶಾಲೆಯ ಟೈಮ್‌ಟೇಬಲ್ ತೋರಿಸುವ ಪ್ರೊನೋಟ್ ಆ್ಯಪ್‌ನ ಲಾಗಿನ್ ಕೇಳಿ, ಪ್ರತಿ ಟೀಚರ್ ಫೋನ್ ನಂಬರ್ ಪಡೆಯಿರಿ.

ಅಕ್ಟೋಬರ್ ಕೊನೆಗೆ ಎರಡು ವಾರ ತೂಸಾಂ ರಜೆ ಬರುತ್ತದೆ. ರಜೆಗೂ ಸಂಬಳ ಉಂಟು, ಆದರೆ ಪರಿಚಯವಾದ ನಾಲ್ಕು ಜನರೂ ಊರು ಬಿಟ್ಟಿರುತ್ತಾರೆ. ಅದೇ ಹೊತ್ತಿಗೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗಿ, ನವೆಂಬರ್‌ನಲ್ಲಿ ಐದೂವರೆಗೆಲ್ಲ ಕತ್ತಲಾಗುತ್ತದೆ, ಭಾರತಕ್ಕೂ ಅಲ್ಲಿಗೂ ಇರುವ ಅಂತರ ಮೂರೂವರೆಯಿಂದ ನಾಲ್ಕೂವರೆ ಗಂಟೆಗೆ ಏರಿ, ಸಂಜೆ ಕೆಲಸ ಮುಗಿಸಿ ಫೋನ್ ಮಾಡುವಷ್ಟರಲ್ಲಿ ಅಮ್ಮ ಮಲಗುವ ಹೊತ್ತಾಗಿರುತ್ತದೆ. ತುಂಬ ಜನ ಕುಸಿಯುವುದು ಈ ವಾರಗಳಲ್ಲೇ, ಅದಕ್ಕೆ ಮುಂಚೆಯೇ ಏರ್ಪಾಡು ಮಾಡಿಕೊಳ್ಳಿ. ಪ್ರತಿ ಊರಿನಲ್ಲೂ ಸಂಘಗಳಿವೆ: ಹಾಡುವವರದ್ದು, ಬೆಟ್ಟ ಹತ್ತುವವರದ್ದು, ಬ್ಯಾಡ್ಮಿಂಟನ್‌ನದ್ದು. ಹೋದ ಮೊದಲ ವಾರದಲ್ಲೇ ಒಂದಕ್ಕೆ ಹೆಸರು ಕೊಡಿ. ನಿಮ್ಮ ಅಕಾಡೆಮಿಯ ಬೇರೆ ಅಸಿಸ್ಟೆಂಟ್‌ಗಳ ಗುಂಪು ಹುಡುಕಿ, ರಜೆಗೆ ಜೊತೆಯಾಗಿ ಹೊರಡಿ. 27 ವರ್ಷದವರೆಗಿನವರಾದರೆ 49 ಯೂರೊ ಕೊಟ್ಟು ರೈಲಿನ ಕಾರ್ತ್ ಅವಾಂತಾಜ್ ಮಾಡಿಸಿ, ಟಿಜಿವಿ ಅನ್ನುವ ವೇಗದ ರೈಲಿನ ಟಿಕೆಟ್‌ಗೆ ಶೇ 30 ರಿಯಾಯಿತಿ, ಎರಡೇ ಪ್ರಯಾಣದಲ್ಲಿ ಕೊಟ್ಟ ದುಡ್ಡು ಹುಟ್ಟಬಹುದು. ಭಾನುವಾರ ಮಧ್ಯಾಹ್ನದ ಮೇಲೆ ಅಂಗಡಿ ಮುಚ್ಚಿರುತ್ತವೆ, ಶನಿವಾರವೇ ಸಾಮಾನು ತಂದಿಡಿ.

ವಾಪಸ್ ಹೊರಡುವ ಲೆಕ್ಕ ಮಾರ್ಚ್‌ನಲ್ಲೇ ಇರಲಿ. ಫರ್ನಿಚರ್ ಸಮೇತದ ಮನೆ ಬಿಡಲು ಒಂದು ತಿಂಗಳ ನೋಟಿಸ್ ಬೇಕು, ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸಿ. ಮನೆಗೆ ಬಂದ ದಿನ ಗೋಡೆ ನೆಲದ ಫೋಟೊ ತೆಗೆದಿಟ್ಟುಕೊಂಡಿದ್ದರೆ ಅಡ್ವಾನ್ಸ್ ವಾಪಸ್ ಪಡೆಯುವಾಗ ಜಗಳ ಬರುವುದಿಲ್ಲ. ಅಡ್ವಾನ್ಸ್ ಹಿಂದಿರುಗಿಸಲು ಮಾಲೀಕರಿಗೆ ಒಂದು ತಿಂಗಳು, ಹಾನಿ ಏನಾದರೂ ಆಗಿದ್ದರೆ ಎರಡು ತಿಂಗಳು ಸಮಯ ಇರುತ್ತದೆ. ಆದ್ದರಿಂದ ಆ ದುಡ್ಡೂ ಕೊನೆಯ ಸಂಬಳವೂ ಬಂದು ಬೀಳುವ ತನಕ ಫ್ರಾನ್ಸ್‌ನ ಬ್ಯಾಂಕ್ ಅಕೌಂಟ್ ಮುಚ್ಚಬೇಡಿ.