ವಾಟ್ಸ್‌ಆ್ಯಪ್‌ಗೆ ಬಂದ ವಿಡಿಯೋ: ನನ್ನ ಖಾತೆಯಲ್ಲಿ ಹಾಕುವ ಮೊದಲು

ಮಂಗಳೂರಿನಂಥ ಊರಿನಲ್ಲಿ ವರದಿಗಾರನ ಫೇಸ್‌ಬುಕ್ ಖಾತೆ ಅವನೊಬ್ಬನದಾಗಿ ಉಳಿಯುವುದಿಲ್ಲ. ‘ಅಭಿಪ್ರಾಯಗಳು ವೈಯಕ್ತಿಕ’ ಎಂದು ಬರೆದುಕೊಂಡರೂ ಠಾಣೆಯಲ್ಲಿ, ಪಕ್ಷದ ಕಚೇರಿಯಲ್ಲಿ ಅದನ್ನು ಪತ್ರಿಕೆಯ ಮಾತೆಂದೇ ಓದುತ್ತಾರೆ. ಹಾಗಾಗಿ ಪತ್ರಿಕೆಯ ಸಂಪಾದನಾ ಡೆಸ್ಕ್‌ನಲ್ಲಿ ಪಾಸಾಗದ ಸುದ್ದಿ ನನ್ನ ಖಾತೆಗೂ ಹೋಗುವುದಿಲ್ಲ.

ಇಲ್ಲಿ ಅತಿ ಹೆಚ್ಚು ಎಚ್ಚರ ಬೇಡುವುದು ನೈತಿಕ ಪೊಲೀಸ್‌ಗಿರಿಯ ವಿಡಿಯೋಗಳು. ಎಷ್ಟೋ ಸಲ ಅವನ್ನು ತೆಗೆದವರು ಹಲ್ಲೆ ಮಾಡಿದ ಗುಂಪಿನವರೇ. ಹಂಚಿ ಅವಮಾನಿಸಬೇಕೆಂದೇ ತೆಗೆದಿರುತ್ತಾರೆ. ಹಾಗೇ ಹಾಕಿದರೆ ಅವರ ಉಳಿದ ಕೆಲಸವನ್ನು ನಾವು ಮಾಡಿಕೊಟ್ಟಂತೆ. ನಾನು ಘಟನೆಯನ್ನು ಬರೆಯುತ್ತೇನೆ, ವಿಡಿಯೋ ಹಾಕುವುದಿಲ್ಲ. ಘಟನೆಯೇ ನಡೆದಿಲ್ಲ ಎಂದು ಯಾರಾದರೂ ವಾದಿಸಿದಾಗ ಮಾತ್ರ ದೃಶ್ಯ ಬೇಕಾಗುತ್ತದೆ. ಆಗ ಗುಂಪಿನ ಕೈಗೆ ಸಿಕ್ಕಿ ಹಲ್ಲೆಗೊಳಗಾದವರ ಮುಖದ ಜೊತೆಗೆ ಬಟ್ಟೆ, ಕಾಲೇಜು ಬ್ಯಾಗು, ಸ್ಕೂಟರಿನ ನಂಬರ್ ಪ್ಲೇಟು ಎಲ್ಲವನ್ನೂ ಮಸುಕು ಮಾಡಬೇಕು. ಆ್ಯಪ್ ತಾನಾಗಿ ಹಾಕುವ ಬ್ಲರ್, ಮುಖ ಪಕ್ಕಕ್ಕೆ ತಿರುಗಿದ ಕೂಡಲೇ ಜಾರುತ್ತದೆ. ಎರಡು ಮೂರು ಫ್ರೇಮಿನಲ್ಲಿ ಮುಖ ಬಯಲಾದರೆ ಸ್ಕ್ರೀನ್‌ಶಾಟಿಗೆ ಅಷ್ಟೇ ಸಾಕು. ಆದ್ದರಿಂದ ಸಿದ್ಧವಾದ ಫೈಲನ್ನು ಕಾಲು ವೇಗದಲ್ಲಿ ಓಡಿಸಿ ಕೊನೆಯವರೆಗೆ ನೋಡಬೇಕು. ಧ್ವನಿಯನ್ನಂತೂ ಪೂರ್ತಿ ತೆಗೆಯುತ್ತೇನೆ. ಗುಂಪು ಮೊದಲು ಕೇಳುವುದೇ ಹೆಸರು, ಊರು. ಮುಖ ಮುಚ್ಚಿ ಆ ಉತ್ತರ ಕೇಳಿಸಿದರೆ ಮುಚ್ಚಿದ್ದು ದಂಡ.

ಮಕ್ಕಳ ವಿಷಯದಲ್ಲಿ, ಅವರನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಸ್ಪಷ್ಟವಾಗಿದೆ: ಹೆಸರು, ವಿಳಾಸ, ಫೋಟೊ, ಕುಟುಂಬದ ವಿವರ, ಶಾಲೆ, ನೆರೆಹೊರೆ ಯಾವುದೂ ಹೊರಬರಬಾರದು. ತಪ್ಪಿದರೆ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆವಾಸ, ದಂಡ ಅಥವಾ ಎರಡೂ. ನಮ್ಮ ಕಡೆ ಗ್ರಾಮದ ಹೆಸರು, ತರಗತಿ, ತಂದೆಯ ಉದ್ಯೋಗ ಈ ಮೂರು ಸೇರಿದರೆ ಮಗು ಯಾರೆಂದು ಇಡೀ ಊರಿಗೆ ತಿಳಿಯುತ್ತದೆ. ತಾಲೂಕಿನ ಹೆಸರಿಗೇ ನಿಲ್ಲಿಸುವುದು ಕ್ಷೇಮ. ನಾವು ಬರೆಯದಿದ್ದರೂ ಕಾಮೆಂಟಿನಲ್ಲಿ ಯಾರೋ ಹೆಸರು ಹಾಕುತ್ತಾರೆ. ಇಂಥ ಪೋಸ್ಟಿಗೆ ಕಾಮೆಂಟ್ ಮುಚ್ಚಿಯೇ ಬಿಡಿ, ಆಮೇಲೆ ಅಳಿಸುತ್ತಾ ಕೂರುವುದರಿಂದ ಪ್ರಯೋಜನವಿಲ್ಲ.

ಮಳೆಗಾಲದ ಕಥೆ ಬೇರೆ. ಕೇರಳದ ಹಳೆಯ ನೆರೆಯ ವಿಡಿಯೋ ‘ಉಡುಪಿಯಲ್ಲಿ ಈಗ’ ಎಂದು ಬರುತ್ತದೆ. ನಂಬರ್ ಪ್ಲೇಟಿನಿಂದ ಶುರುಮಾಡುತ್ತೇನೆ: ಕೆಎ 19 ಮಂಗಳೂರು, 20 ಉಡುಪಿ, 21 ಪುತ್ತೂರು, ಕೆಎಲ್ 14 ಆದರೆ ಕಾಸರಗೋಡು. ಬೇರೂರಿನ ಗಾಡಿಯೂ ಇಲ್ಲಿ ಓಡಾಡುವುದರಿಂದ ಒಂದೇ ಪ್ಲೇಟು ಸಾಲದು. ಅಂಗಡಿಯ ಬೋರ್ಡು, ಬಸ್ಸಿನ ಹಣೆಬರಹ, ಹಿನ್ನೆಲೆಯ ಮಾತು ಕೂಡಿಬರಬೇಕು. ಆಮೇಲೆ ಒಂದು ಫ್ರೇಮನ್ನು, ಅದೇ ಚಿತ್ರ ಹಿಂದೆ ಎಲ್ಲಿ ಬಂದಿದೆ ಎಂದು ಹುಡುಕಲು, ಗೂಗಲ್ ಲೆನ್ಸ್‌ಗೆ ಹಾಕಿ, ಆ ಜಾಗದ ಪಂಚಾಯತ್ ಸದಸ್ಯರಿಗೋ ಅಂಗಡಿಯವರಿಗೋ ಫೋನು. ಕಳುಹಿಸಿದವರಲ್ಲಿ ಮೂಲ ಫೈಲನ್ನು ‘ಡಾಕ್ಯುಮೆಂಟ್’ ಆಗಿ ಕೇಳಬೇಕು. ಮಾಮೂಲಿ ವಿಡಿಯೋವಾಗಿ ಕಳಿಸಿದರೆ ವಾಟ್ಸ್‌ಆ್ಯಪ್ ಅದನ್ನು ಕುಗ್ಗಿಸುತ್ತದೆ, ಪ್ಲೇಟಿನ ಅಂಕೆಗಳೇ ಕದಡಿಹೋಗುತ್ತವೆ.

ತಪ್ಪಾದ ಪೋಸ್ಟನ್ನು ಸದ್ದಿಲ್ಲದೆ ಅಳಿಸುವುದು ಅತ್ಯಂತ ಕೆಟ್ಟ ದಾರಿ. ಸ್ಕ್ರೀನ್‌ಶಾಟ್ ಆಗಲೇ ಓಡಾಡುತ್ತಿರುತ್ತದೆ, ತಿದ್ದುಪಡಿಗೆ ಮಾತ್ರ ಜಾಗವಿರುವುದಿಲ್ಲ. ಫೇಸ್‌ಬುಕ್‌ನಲ್ಲಿ ಎಡಿಟ್ ಮಾಡಿ ಮೊದಲ ಸಾಲಿಗೇ ‘ತಿದ್ದುಪಡಿ’ ಎಂದು ಹಾಕಿ, ಏನು ತಪ್ಪಿತ್ತು, ಸರಿ ಯಾವುದು, ಎಷ್ಟು ಗಂಟೆಗೆ ತಿದ್ದಿದ್ದು ಎಂದು ಬರೆಯಬೇಕು. ವಾಟ್ಸ್‌ಆ್ಯಪ್‌ನಲ್ಲಿ ತಿದ್ದಲು 15 ನಿಮಿಷ ಮಾತ್ರ ಅವಕಾಶ. ಅದು ದಾಟಿದರೆ ಅದೇ ಗುಂಪುಗಳಿಗೆ ಹೊಸ ಸಂದೇಶ ಕಳಿಸಬೇಕು. ಗುರುತು ಬಯಲಾಗಿದ್ದರೆ ಮಾತ್ರ ಮೊದಲು ತೆಗೆದುಹಾಕಿ, ಆಮೇಲೆ ವಿವರಣೆ.

ಇಷ್ಟು ಬಿಗಿಯಾಗಿ ನಡೆದುಕೊಂಡವರಿಗೆ ಬರೆದದ್ದನ್ನು ಉಳಿಸಿಕೊಳ್ಳುವ ಹಕ್ಕೂ ಇದೆ. ಅಭಿವ್ಯಕ್ತಿ ಸ್ವಾತಂತ್ರ್ಯ ಕೊಡುವ ಸಂವಿಧಾನದ 19(1)(ಎ) ವಿಧಿ ಪತ್ರಕರ್ತನಿಗೆಂದು ಬೇರೆಯದೇನನ್ನೂ ಕೊಟ್ಟಿಲ್ಲ, ಪ್ರತಿ ನಾಗರಿಕನಿಗೆ ಕೊಟ್ಟದ್ದೇ ನಮಗೂ. ಆನ್‌ಲೈನ್‌ನಲ್ಲಿ ‘ಆಕ್ಷೇಪಾರ್ಹ’ ಸಂದೇಶ ಕಳಿಸುವುದನ್ನು ಅಪರಾಧವಾಗಿಸಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದುಪಡಿಸಿತು. ಆದರೆ ಭಾರತೀಯ ನ್ಯಾಯ ಸಂಹಿತೆಯ 196 (ಗುಂಪುಗಳ ನಡುವೆ ದ್ವೇಷ ಹುಟ್ಟಿಸುವುದು), 353 (ಸಾರ್ವಜನಿಕ ಶಾಂತಿ ಕದಡುವ ಹೇಳಿಕೆ), 356ನೇ (ಮಾನಹಾನಿ) ಸೆಕ್ಷನ್‌ಗಳು ಇವೆ, ಅವನ್ನು ಓದಿಕೊಂಡಿರಬೇಕು. ‘ಆ ಪೋಸ್ಟ್ ತೆಗೀರಿ ಮಾರಾಯ್ರೆ’ ಎಂದು ಫೋನು ಬಂದರೆ ನಾನು ಕೇಳುವುದು ಎರಡೇ: ಯಾವ ಸಾಲು ತಪ್ಪು? ಲಿಖಿತವಾಗಿ ಕೊಡುತ್ತೀರಾ? ಸಾಲು ತಪ್ಪಿದ್ದರೆ ಆಗಲೇ ತಿದ್ದುಪಡಿ. ಸರಿಯಿದ್ದರೆ ಮೂಲ ಫೈಲು, ಫೋನು ಮಾಡಿ ಖಚಿತಪಡಿಸಿಕೊಂಡ ಟಿಪ್ಪಣಿ, ಬಂದ ಕರೆಯ ಸಮಯ ಮೂರನ್ನೂ ಸಂಪಾದಕರಿಗೆ ಕಳಿಸುತ್ತೇನೆ. ಪೋಸ್ಟ್ ಹಾಗೇ ಇರುತ್ತದೆ.