ಸೋಮವಾರದ ಮೀಟಿಂಗ್‌ಗೆ ಒಂದು ಕೆಲಸ ಕೊಡಿ

ಪೀಣ್ಯದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ನಾನು ಪ್ಲಾನಿಂಗ್ ನೋಡಿಕೊಳ್ಳುತ್ತಿದ್ದೆ. ಪ್ರತಿ ಸೋಮವಾರ ಬೆಳಗ್ಗೆ ಹತ್ತಕ್ಕೆ ಮೇಲಿನ ಮಹಡಿಯಲ್ಲಿ ಮೀಟಿಂಗ್. ಹದಿನಾಲ್ಕು ಜನ, ಒಂದೂವರೆ ಗಂಟೆ. ಕಳೆದ ವಾರ ಎಷ್ಟು ಪೀಸ್ ಆಯಿತು, ಎಷ್ಟು ರಿಜೆಕ್ಟ್ ಆಯಿತು, ಯಾವ ಲೋಡ್ ತಡವಾಗಿ ಹೋಯಿತು ಅಂತ ಒಬ್ಬೊಬ್ಬರೇ ಓದಿ ಹೇಳುತ್ತಿದ್ದರು. ಇದೆಲ್ಲ ಶನಿವಾರ ಸಂಜೆಯೇ ಎಲ್ಲರ ಮೊಬೈಲ್‌ಗೂ ಬಂದಿರುತ್ತಿತ್ತು. ಕೆಳಗೆ ಮೊದಲ ಪೀಸ್ ಅಳತೆ ನೋಡಿ ಓಕೆ ಹೇಳಬೇಕಾದ ಸೂಪರ್‌ವೈಸರ್ ನಮ್ಮ ಜತೆ ಮೇಲೆ ಕೂತಿರುತ್ತಿದ್ದರು. ಅವರು ಇಳಿದು ಹೋಗುವವರೆಗೆ ಪೀಸ್ ಕೊರೆಯುವ ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಓಡುವ) ಮೆಷಿನ್ ಸುಮ್ನೆ ನಿಂತಿರುತ್ತಿತ್ತು.

ಆ ಮೀಟಿಂಗ್ ಸರಿಹೋಗೋಕೆ ಎಂಟು ತಿಂಗಳು ಹಿಡಿಯಿತು. ಅಲ್ಲಿ ಕಲಿತದ್ದನ್ನು ಆಮೇಲೆ ಬೇರೆ ಆಫೀಸುಗಳಲ್ಲೂ ಮಾಡಿ ನೋಡಿದ್ದೇನೆ. ಹತ್ತು ಜನರ ಅಂಗಡಿಯಾದರೂ ಐನೂರು ಜನರ ಕಂಪನಿಯಾದರೂ ಶುರು ಮಾಡುವ ಕ್ರಮ ಒಂದೇ.

1. ಮೊದಲು ಲೆಕ್ಕ ಹಾಕಿ

ಮೀಟಿಂಗ್‌ನಲ್ಲಿ ಕೂರುವವರ ಸರಾಸರಿ ಸಂಬಳ ತಿಂಗಳಿಗೆ 48,000 ರೂಪಾಯಿ ಅಂದುಕೊಳ್ಳಿ. ತಿಂಗಳಿಗೆ 24 ದಿನ, ದಿನಕ್ಕೆ 8 ಗಂಟೆ ಹಿಡಿದರೆ ಗಂಟೆಗೆ 250 ರೂಪಾಯಿ ಆಯಿತು. ಹದಿನಾಲ್ಕು ಜನ ಒಂದೂವರೆ ಗಂಟೆ ಕೂತರೆ 5,250. ವರ್ಷಕ್ಕೆ ಐವತ್ತು ಸೋಮವಾರ ಹಿಡಿದರೆ 2,62,500 ರೂಪಾಯಿ. ನಿಂತ ಮೆಷಿನ್‌ನ ನಷ್ಟ ಇದರಲ್ಲಿ ಸೇರಿಲ್ಲ.

ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಮಾಲೀಕರಿಗೋ ಮ್ಯಾನೇಜರ್‌ಗೋ ತೋರಿಸಿ. 'ಮೀಟಿಂಗ್ ಜಾಸ್ತಿ ಆಯ್ತು ಸಾರ್' ಅಂದರೆ ಯಾರೂ ಕೇಳುವುದಿಲ್ಲ. ಅಂಕಿ ಕಂಡರೆ ಕೂತು ಮಾತಾಡುತ್ತಾರೆ.

2. ಏನು ತೀರ್ಮಾನ ಆಗಬೇಕು ಅಂತ ಒಂದು ಸಾಲು ಬರೆಯಿರಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಮೀಟಿಂಗ್ ಕರೆಯುವ ಮೊದಲು, ಎದ್ದು ಹೋಗುವಾಗ ಯಾವ ತೀರ್ಮಾನ ಕೈಯಲ್ಲಿರಬೇಕು ಅಂತ ಒಂದೇ ಸಾಲಿನಲ್ಲಿ ಬರೆಯಿರಿ. 'ಪ್ರೊಡಕ್ಷನ್ ರಿವ್ಯೂ' ಅಂತ ಬರೆದರೆ ಸಾಲದು, ಅದು ಬರೀ ಹೆಸರು. 'ಎರಡನೇ ಶಿಫ್ಟ್‌ಗೆ ಇನ್ನೊಬ್ಬ ಆಪರೇಟರ್ ತಗೊಳ್ಳೋದಾ, ಇಲ್ಲ ಇರುವವರ ಕೈಲೇ ಓವರ್‌ಟೈಮ್ ಮಾಡಿಸೋದಾ?' ಅಂತ ಬರೆದರೆ ಕೂತವರೆಲ್ಲರಿಗೂ ತಾವು ಯಾಕೆ ಬಂದಿದ್ದೇವೆ ಅಂತ ಗೊತ್ತಾಗುತ್ತದೆ. ಓವರ್‌ಟೈಮ್‌ಗೆ ದುಪ್ಪಟ್ಟು ಕೂಲಿ ಕೊಡಬೇಕು. ಹಾಗಾಗಿ ಎಷ್ಟು ಗಂಟೆ, ಎಷ್ಟು ದುಡ್ಡು ಅನ್ನುವ ಲೆಕ್ಕ ಹಿಡಿದುಕೊಂಡೇ ಬರುತ್ತಾರೆ.

ಆ ಸಾಲು ಬರೆಯೋಕೆ ಆಗಲಿಲ್ಲ ಅಂದರೆ ನಿಮ್ಮ ಹತ್ತಿರ ಇರುವುದು ಬರೀ ಸುದ್ದಿ. ಅದನ್ನು ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿ, ಮೀಟಿಂಗ್ ಬಿಟ್ಟುಬಿಡಿ.

ಮೂರು ನಾಲ್ಕು ವಿಷಯ ಇದ್ದರೆ ದೊಡ್ಡದನ್ನು ಮೊದಲಿಗೆ ಇಡಿ. ಸಣ್ಣ ವಿಷಯ ಸಮಯ ನುಂಗುವುದು ಹೊಸದೇನಲ್ಲ. ಬ್ರಿಟನ್ನಿನ ಲೇಖಕ ನಾರ್ತ್‌ಕೋಟ್ ಪಾರ್ಕಿನ್ಸನ್ 1957ರಲ್ಲೇ ಒಂದು ಕಲ್ಪನೆಯ ಸಮಿತಿಯನ್ನು ಇಟ್ಟುಕೊಂಡು ಇದನ್ನು ವಿವರಿಸಿದ್ದರು. 1 ಕೋಟಿ ಪೌಂಡ್‌ನ ಅಣು ರಿಯಾಕ್ಟರ್‌ಗೆ ಆ ಸಮಿತಿ ಎರಡೂವರೆ ನಿಮಿಷದಲ್ಲಿ ಒಪ್ಪಿಗೆ ಕೊಡುತ್ತದೆ, 350 ಪೌಂಡ್‌ನ ಸೈಕಲ್ ಶೆಡ್ ಬಗ್ಗೆ ಮುಕ್ಕಾಲು ಗಂಟೆ ಮಾತಾಡುತ್ತದೆ. ರಿಯಾಕ್ಟರ್ ಬಗ್ಗೆ ಗೊತ್ತಿರುವವರು ಒಬ್ಬಿಬ್ಬರು, ಶೆಡ್ ಬಗ್ಗೆ ಎಲ್ಲರಿಗೂ ಗೊತ್ತು. ನಮ್ಮಲ್ಲಿ ಆ ಜಾಗದಲ್ಲಿ ಕ್ಯಾಂಟೀನ್ ಟೀ ಇತ್ತು.

3. ಯಾರು ಬೇಕು, ಯಾರು ಬೇಡ

ಬರೆದ ಆ ಸಾಲನ್ನು ಮುಂದಿಟ್ಟುಕೊಂಡು ಕೇಳಿ: ತೀರ್ಮಾನ ತಗೊಳ್ಳುವವರು ಯಾರು? ಅದನ್ನು ಮಾಡಿ ಮುಗಿಸುವವರು ಯಾರು? ವಿಷಯ ಕೈಯಾರೆ ಗೊತ್ತಿರುವವರು ಯಾರು? ಇಷ್ಟು ಜನ ಸಾಕು. ನಮ್ಮಲ್ಲಿ ಹದಿನಾಲ್ಕು ಏಳಕ್ಕೆ ಇಳಿಯಿತು.

ಇಲ್ಲೊಂದು ಸೂಕ್ಷ್ಮ ಇದೆ. ನಮ್ಮ ಕಡೆ ಮೀಟಿಂಗ್‌ಗೆ ಕರೆಯುವುದು ಮರ್ಯಾದೆಯ ವಿಷಯವೂ ಹೌದು, ಅಲ್ವಾ? ಹೇಳದೆ ಕೇಳದೆ ಹೆಸರು ತೆಗೆದರೆ ಮನಸ್ಸಿಗೆ ನೋವಾಗುತ್ತದೆ. ಹಾಗಾಗಿ ಬಿಡುವವರ ಹತ್ತಿರ ಮೊದಲೇ ಹೋಗಿ ಮಾತಾಡಿ. 'ನಿಮ್ಮ ಕೆಲಸಕ್ಕೆ ಸಂಬಂಧಪಟ್ಟದ್ದು ಬಂದ ದಿನ ಖಂಡಿತ ಕರೆಯುತ್ತೇವೆ, ಏನು ತೀರ್ಮಾನ ಆಯಿತು ಅಂತ ಅವತ್ತೇ ತಿಳಿಸುತ್ತೇವೆ' ಅನ್ನಿ, ಹೇಳಿದ ಹಾಗೆ ನಡೆದುಕೊಳ್ಳಿ. ನಮ್ಮ ಸೂಪರ್‌ವೈಸರ್‌ಗೆ ಹೀಗೆ ಹೇಳಿದಾಗ ಅವರಿಗೆ ಸಮಾಧಾನವೇ ಆಯಿತು.

4. ಮೊದಲ ಐದು ನಿಮಿಷ ಎಲ್ಲರೂ ಓದಲಿ

ಅಮೆಜಾನ್‌ನಲ್ಲಿ ಜೆಫ್ ಬೆಜೋಸ್ 2004ರಲ್ಲಿ ಹಿರಿಯ ಅಧಿಕಾರಿಗಳ ಮೀಟಿಂಗ್‌ಗಳಿಂದ ಪವರ್‌ಪಾಯಿಂಟ್ ತೆಗೆಸಿದರು. ಅದರ ಬದಲು ಆರು ಪುಟದವರೆಗಿನ ಟಿಪ್ಪಣಿ ಬಂತು. ಎಲ್ಲರೂ ಅದನ್ನು ಮೀಟಿಂಗ್‌ನಲ್ಲೇ ಮೌನವಾಗಿ ಓದಿ, ಆಮೇಲೆ ಚರ್ಚೆ ಶುರು ಮಾಡುತ್ತಾರೆ. ನಮ್ಮ ನಿಮ್ಮ ಆಫೀಸಿಗೆ ಆರು ಪುಟ ಬೇಡ, ಅರ್ಧ ಪುಟ ಸಾಕು. ಈಗ ಏನಾಗಿದೆ, ದಾರಿ ಎಷ್ಟಿವೆ, ಒಂದೊಂದಕ್ಕೂ ಖರ್ಚೆಷ್ಟು ಅಂತ ಅದರಲ್ಲಿರಲಿ.

ಆ ಅರ್ಧ ಪುಟವನ್ನು ಕನ್ನಡದಲ್ಲಿ ಬರೆಯಿರಿ. ಬೆಂಗಳೂರಿನ ಎಷ್ಟೋ ಕಾರ್ಖಾನೆಗಳಲ್ಲಿ ಕೆಲಸ ನಡೆಯುವುದು ಕನ್ನಡದಲ್ಲಿ, ಸ್ಲೈಡ್ ಇರುವುದು ಇಂಗ್ಲಿಷಿನಲ್ಲಿ. ಮೆಷಿನ್ ಬಗ್ಗೆ ಚೆನ್ನಾಗಿ ಗೊತ್ತಿರುವ ಫೋರ್‌ಮನ್ ಅದೇ ಕಾರಣಕ್ಕೆ ಬಾಯಿ ಬಿಡದೆ ಕೂತಿರುತ್ತಾರೆ. ತಂಡದಲ್ಲಿ ಬೇರೆ ಭಾಷೆಯವರಿದ್ದರೆ ಪಕ್ಕದಲ್ಲಿ ಕೂತವರು ಎರಡು ಮಾತಿನಲ್ಲಿ ಹೇಳಿದರಾಯಿತು.

5. ದೊಡ್ಡವರು ಕೊನೆಗೆ ಮಾತಾಡಲಿ

ಒಂದು ಮಳೆಗಾಲದಲ್ಲಿ ನಮ್ಮ ಪೀಸ್‌ಗಳು ಗ್ರಾಹಕರ ಗೋಡೌನ್ ಸೇರುವ ಹೊತ್ತಿಗೆ ತುಕ್ಕು ಹಿಡಿದಿರುತ್ತಿದ್ದವು. ಎರಡು ಲೋಡ್ ವಾಪಸ್ ಬಂತು. ಮೀಟಿಂಗ್ ಶುರುವಾಗುತ್ತಿದ್ದಂತೆ ನಮ್ಮ ಮ್ಯಾನೇಜರ್ 'ಪ್ಯಾಕಿಂಗ್ ಕವರ್ ಸರಿಯಿಲ್ಲ, ಸಪ್ಲೈಯರ್ ಬದಲಾಯಿಸಿ' ಅಂದರು. ಅಲ್ಲಿಂದ ಇಪ್ಪತ್ತು ನಿಮಿಷ ಕವರ್‌ನದೇ ಮಾತು. ಎಲ್ಲರೂ ತಲೆಯಾಡಿಸಿದೆವು, ನಾನೂ ಆಡಿಸಿದೆ.

ಮೀಟಿಂಗ್ ಮುಗಿದು ಟೀ ಕುಡಿಯುವಾಗ ಸ್ಟೋರ್ಸ್ ಹುಡುಗ ನನ್ನ ಪಕ್ಕ ಬಂದು ನಿಂತ. ಸ್ವಲ್ಪ ಹೊತ್ತು ಲೋಟವನ್ನೇ ತಿರುಗಿಸುತ್ತಿದ್ದ. 'ಸಾರ್, ತುಕ್ಕಿನ ಎಣ್ಣೆ ಡ್ರಮ್ ಹೊರಗಡೆ ಇದೆ. ಮುಚ್ಚಳ ಸರಿಯಾಗಿ ಕೂರಲ್ಲ. ಮಳೆ ನೀರು ಒಳಗೆ ಹೋಗ್ತಿದೆ' ಅಂದ. ಹೋಗಿ ಕೋಲಿನಿಂದ ಕಲಕಿದೆವು. ಎಣ್ಣೆ ಹಾಲಿನ ಹಾಗೆ ಬೆಳ್ಳಗಾಗಿತ್ತು. ತುಕ್ಕು ತಡೆಯಲಿ ಅಂತ ಪೀಸ್‌ಗಳನ್ನು ಅದ್ದುತ್ತಿದ್ದದ್ದು ನೀರು ಬೆರೆತ ಎಣ್ಣೆಯಲ್ಲಿ.

ಆ ಹುಡುಗ ಒಂದು ಗಂಟೆ ನಮ್ಮ ಜತೆಯಲ್ಲೇ ಕೂತಿದ್ದ. ಅವನನ್ನು ಯಾರೂ ಕೇಳಿರಲಿಲ್ಲ. ಸಾಹೇಬರು ಒಂದು ಕಾರಣ ಹೇಳಿದ ಮೇಲೆ ಇನ್ನೊಂದು ಹೇಳುವ ಧೈರ್ಯ ಅವನಿಗೆ ಎಲ್ಲಿಂದ ಬರಬೇಕು?

ಅವತ್ತಿನಿಂದ ಒಂದು ನಿಯಮ ಮಾಡಿಕೊಂಡೆವು. ವಿಷಯ ಓದಿದ ಮೇಲೆ ಎಲ್ಲರಿಗಿಂತ ಕಿರಿಯರು ಮೊದಲು ಮಾತಾಡಬೇಕು, ಮ್ಯಾನೇಜರ್ ಕೊನೆಗೆ. 'ಏನಾದ್ರೂ ಹೇಳೋದಿದೆಯಾ?' ಅಂತ ಕೇಳಬೇಡಿ, 'ಇಲ್ಲ ಸಾರ್' ಅಂತಲೇ ಉತ್ತರ ಬರುತ್ತದೆ. 'ನಿನ್ನ ಕಡೆ ಈ ವಾರ ಏನು ನೋಡಿದೆ?' ಅಂತ ಕೇಳಿ. ಅವರು ಹೇಳುವಾಗ ಯಾರೂ ಮಧ್ಯೆ ಬಾಯಿ ಹಾಕದ ಹಾಗೆ ನೋಡಿಕೊಳ್ಳಿ. ಮ್ಯಾನೇಜರ್ ನೀವೇ ಆಗಿದ್ದರೆ ಇದು ಕಷ್ಟ. ಉತ್ತರ ನಾಲಿಗೆ ತುದಿಯಲ್ಲೇ ಇರುತ್ತದೆ. ಆದರೂ ತಡೆದುಕೊಳ್ಳಿ.

6. ಏಳುವ ಮೊದಲು ಮೂರು ಕಲಂ ತುಂಬಿಸಿ

ಕಂಪನಿಯ ನಿರ್ದೇಶಕರ ಸಭೆಗೆ 2013ರ ಕಂಪನಿ ಕಾಯ್ದೆಯಲ್ಲಿ ಕಟ್ಟುನಿಟ್ಟಾದ ಕ್ರಮ ಇದೆ. ಕನಿಷ್ಠ 7 ದಿನ ಮೊದಲು ನೋಟಿಸ್ ಕೊಡಬೇಕು, ಕೋರಂ (ಕನಿಷ್ಠ ಇಷ್ಟು ಜನರ ಹಾಜರಿ) ಇರಬೇಕು, ನಡಾವಳಿಯನ್ನು, ಅಂದರೆ ಸಭೆಯಲ್ಲಿ ಏನಾಯಿತು ಅನ್ನುವ ಬರಹವನ್ನು, 30 ದಿನದೊಳಗೆ ಪುಸ್ತಕಕ್ಕೆ ಏರಿಸಬೇಕು. ದಿನನಿತ್ಯದ ಮೀಟಿಂಗ್‌ಗೆ ಅಷ್ಟೆಲ್ಲ ಬೇಡ, ಆದರೆ ನಡಾವಳಿ ಬೇಕೇ ಬೇಕು. ಒಂದು ಪುಸ್ತಕದಲ್ಲಿ ಮೂರು ಕಲಂ ಗೆರೆ ಹಾಕಿ: ಏನು, ಯಾರು, ಯಾವತ್ತಿಗೆ.

'ಯಾರು' ಅನ್ನುವಲ್ಲಿ ಒಬ್ಬರದೇ ಹೆಸರಿರಲಿ. 'ಸ್ಟೋರ್ಸ್ ಮತ್ತು ಕ್ವಾಲಿಟಿ' ಅಂತ ಬರೆದರೆ ಅವರು ಮಾಡುತ್ತಾರೆ ಅಂತ ಇವರು, ಇವರು ಮಾಡುತ್ತಾರೆ ಅಂತ ಅವರು. 'ಯಾವತ್ತಿಗೆ' ಅನ್ನುವಲ್ಲಿ 'ಆದಷ್ಟು ಬೇಗ' ಬೇಡ, ತಾರೀಖು ಬರೆಯಿರಿ. ಎಲ್ಲರ ಎದುರು ಜೋರಾಗಿ ಓದಿ, ಫೋಟೊ ತೆಗೆದು ಗ್ರೂಪಿಗೆ ಹಾಕಿ. ಮುಂದಿನ ಮೀಟಿಂಗ್ ಶುರುವಾಗಬೇಕಾದದ್ದು ಅದೇ ಪುಟದಿಂದ.

ಅಮೆರಿಕದ ಜತೆ ಕಾಲ್ ಇರುವವರಿಗೆ

ನಮ್ಮಲ್ಲಿ ಗಡಿಯಾರ ಬದಲಾಗುವುದಿಲ್ಲ, ಅಲ್ಲಿ ಮಾರ್ಚ್ ಮತ್ತು ನವೆಂಬರ್‌ನಲ್ಲಿ ಬದಲಾಗುತ್ತದೆ. ಕ್ಯಾಲಿಫೋರ್ನಿಯಾದವರ ಬೆಳಗ್ಗೆ ಎಂಟೂವರೆ ಬೇಸಿಗೆಯಲ್ಲಿ ನಮಗೆ ರಾತ್ರಿ ಒಂಬತ್ತು, ನವೆಂಬರ್ ನಂತರ ರಾತ್ರಿ ಹತ್ತು. ವರ್ಷವಿಡೀ ರಾತ್ರಿ ಎಚ್ಚರ ಇರುವುದು ನಮ್ಮವರೇ ಆಗಬಾರದು. ಒಂದು ತಿಂಗಳು ನಮಗೆ ಅನುಕೂಲವಾದ ಹೊತ್ತು, ಒಂದು ತಿಂಗಳು ಅವರಿಗೆ ಅನುಕೂಲವಾದ ಹೊತ್ತು ಅಂತ ಕೇಳಿ ನೋಡಿ. ಕೇಳಿದರೆ ಒಪ್ಪುವವರು ಇದ್ದಾರೆ.

7. ಮೂರು ತಿಂಗಳಿಗೊಮ್ಮೆ ಎಲ್ಲ ಅಳಿಸಿ

ವಾರವಾರದ ಮೀಟಿಂಗ್ ಒಮ್ಮೆ ಶುರುವಾದರೆ ತಾನಾಗಿ ನಿಲ್ಲುವುದಿಲ್ಲ. ಶುರು ಮಾಡಿದವರು ಕೆಲಸ ಬಿಟ್ಟು ಹೋಗಿರುತ್ತಾರೆ, ಮೀಟಿಂಗ್ ಮಾತ್ರ ನಡೆಯುತ್ತಿರುತ್ತದೆ. ಆನ್‌ಲೈನ್ ಅಂಗಡಿಗಳಿಗೆ ಸಾಫ್ಟ್‌ವೇರ್ ಕೊಡುವ ಕೆನಡಾದ ಶಾಪಿಫೈ ಕಂಪನಿ 2023ರ ಜನವರಿಯಲ್ಲಿ ಮೂರು ಅಥವಾ ಹೆಚ್ಚು ಜನ ಸೇರುವ ಇಂಥ ಮೀಟಿಂಗ್‌ಗಳನ್ನೆಲ್ಲ ಕ್ಯಾಲೆಂಡರ್‌ನಿಂದ ಒಂದೇ ಸಲ ತೆಗೆದುಹಾಕಿತು. ಬೇಕು ಅನ್ನಿಸಿದರೆ ಎರಡು ವಾರ ಕಾದು ಆಮೇಲೆ ಹಾಕಿಕೊಳ್ಳಿ ಅಂತ ಹೇಳಿತು. ನೀವೂ ಮೂರು ತಿಂಗಳಿಗೊಮ್ಮೆ ಹೀಗೆ ಮಾಡಬಹುದು. ಎರಡು ವಾರದಲ್ಲಿ ಯಾರೂ ಕೇಳದೇ ಹೋದ ಮೀಟಿಂಗ್ ಮತ್ತೆ ಹಾಕಬೇಡಿ.

ಎಲ್ಲವನ್ನೂ ಒಂದೇ ವಾರದಲ್ಲಿ ಬದಲಾಯಿಸೋಕೆ ಹೋಗಬೇಡಿ. ನಿಮ್ಮ ಕೈಯಲ್ಲೇ ಇರುವ ಒಂದು ಮೀಟಿಂಗ್ ಆರಿಸಿಕೊಂಡು, ಎರಡನೇ ಮತ್ತು ಆರನೇ ಹೆಜ್ಜೆಯಿಂದ ಶುರು ಮಾಡಿ. ಇವೆರಡಕ್ಕೆ ಯಾರ ಅನುಮತಿಯೂ ಬೇಡ. ಕೊನೆಯ ಹೊತ್ತಿಗೆ ನಮ್ಮ ಸೋಮವಾರದ ಮೀಟಿಂಗ್ ಮೂವತ್ತೈದು ನಿಮಿಷಕ್ಕೆ ಬಂದಿತ್ತು. ಎಣ್ಣೆ ಡ್ರಮ್ ಶೆಡ್ಡಿನೊಳಗೆ ಬಂದಿತ್ತು. ಸ್ಟೋರ್ಸ್ ಹುಡುಗ ಸೋಮವಾರ ಬರುವಾಗ ಜೇಬಿನಲ್ಲಿ ಒಂದು ಚೀಟಿ ಇಟ್ಟುಕೊಂಡು ಬರುತ್ತಿದ್ದ, ವಾರವೆಲ್ಲ ತಾನು ನೋಡಿದ್ದನ್ನು ಅದರಲ್ಲಿ ಬರೆದುಕೊಂಡು.