ಹಿಮದ ಕಿರುಗವಿತೆ ಬರೆಯುವ ಬಗೆ

ಹಿಮದ ಕುರಿತು ಮೂರು ಸಾಲು ಬರೆಯಲು ಕುಳಿತವರ ಲೇಖನಿಗೆ ಮೊದಲು ಬರುವ ಪದ ‘ಮೌನ’. ಮೊದಲು ಹೊಡೆದುಹಾಕಬೇಕಾದ ಪದವೂ ಅದೇ. ಮೌನವೆಂದು ಹೇಳಿಬಿಟ್ಟರೆ ಓದುಗರು ಕಿವಿಗೊಡಲು ಏನೂ ಉಳಿಯುವುದಿಲ್ಲ. ಅದರ ಬದಲು, ಹಿಮ ಬಿದ್ದ ಮೇಲೆ ಯಾವ ಸದ್ದು ನಿಂತಿತು, ಯಾವುದು ಕುಗ್ಗಿತು ಎಂದು ಹುಡುಕಬೇಕು.

ಇದಕ್ಕೆ ಹಿಮದ ಸ್ವಭಾವವನ್ನು ಅರಿತಿರುವುದು ಒಳ್ಳೆಯದು. ಆಗತಾನೇ ಬಿದ್ದ ಹಿಮದ ಹರಳುಗಳ ನಡುವೆ ಗಾಳಿ ತುಂಬಿದ ಸಂದುಗಳು ಹೇರಳವಾಗಿರುವುದರಿಂದ ಅದು ಸದ್ದನ್ನು ಹೀರಿಕೊಳ್ಳುತ್ತದೆ. ಅದೇ ಹಿಮ ಕರಗಿ, ಮತ್ತೆ ಹೆಪ್ಪುಗಟ್ಟಿ, ಮೇಲ್ಪದರ ಗಟ್ಟಿಯಾದಾಗ ಸದ್ದನ್ನು ಹಿಂದಕ್ಕೆ ಚಿಮ್ಮಿಸುತ್ತದೆ, ಕಾಲಿಟ್ಟರೆ ಕರಕರ ಎನ್ನುತ್ತದೆ. ಆದ್ದರಿಂದ ಕವಿತೆಯಲ್ಲಿರುವುದು ಹೊಸ ಹಿಮವೋ ಹಳೆಯದೋ ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಿ. ಪದದ ವಿಷಯದಲ್ಲೂ ಎಚ್ಚರ ಬೇಕು: ‘ಮಂಜು’ ಎಂದರೆ ಅನೇಕರ ಕಣ್ಣಿಗೆ ಮುಸುಕಿದ ಕಾವಳವೇ ಬರುತ್ತದೆ, ಹಾಗಾಗಿ ‘ಹಿಮ’ವೇ ಲೇಸು.

ಜಪಾನಿನ ಮೂರು ಸಾಲಿನ ಕಿರುಗವಿತೆಯಾದ ಹೈಕುವಿನ ಸಂಪ್ರದಾಯದಲ್ಲಿ ಋತುವನ್ನು ಸೂಚಿಸುವ ಪದಕ್ಕೆ ‘ಕಿಗೊ’ ಎನ್ನುತ್ತಾರೆ. ಹಿಮವೆಂಬರ್ಥದ ‘ಯುಕಿ’ ಅಂಥದೊಂದು ಪದ, ಮೊದಲ ಹಿಮವೆಂಬ ‘ಹತ್ಸುಯುಕಿ’ ಇನ್ನೊಂದು. ಅದೊಂದು ಬಂದರೆ ಚಳಿಗಾಲವೂ ಚಳಿಯೂ ತಾವಾಗಿ ಬಂದಂತೆ. ಮತ್ತೆ ಹೇಳುವುದು ಇರುವ ಅಲ್ಪ ಜಾಗವನ್ನು ಹಾಳುಮಾಡಿದಂತೆ.

ಹೈಕುವಿನ ಮೂರು ಭಾಗಗಳ 5-7-5 ಎಣಿಕೆ ನಮ್ಮ ಅಕ್ಷರಕ್ಕಿಂತ ಮಾತ್ರೆಗೆ ಹತ್ತಿರ, ಏಕೆಂದರೆ ಅಲ್ಲಿ ದೀರ್ಘಸ್ವರಕ್ಕೆ ಎರಡು ಎಣಿಕೆ. ಆದರೆ ಹದಿನೇಳೇ ಮಾತ್ರೆಗಳಲ್ಲಿ ಕನ್ನಡ ವಿಪರೀತ ಇಕ್ಕಟ್ಟಾಗುತ್ತದೆ. ಅಕ್ಷರ ಎಣಿಸುವುದೇ ಸುಲಭವೆಂದು ನನ್ನ ಅನುಭವ.

ಈಗ ಒಂದು ಕರಡನ್ನು ತಿದ್ದೋಣ:

ಎಲ್ಲೆಡೆ ಹಿಮ
ಮೌನವಾಗಿದೆ ಲೋಕ
ಎಷ್ಟು ಸುಂದರ

ಇಲ್ಲಿ ನೋಡಿದ್ದೇನೂ ಇಲ್ಲ, ಅನ್ನಿಸಿದ್ದಷ್ಟೇ ಇದೆ. ‘ಲೋಕ’ ಬಹಳ ದೊಡ್ಡದು, ‘ಸುಂದರ’ ಓದುಗರು ತಾವೇ ಹೇಳಿಕೊಳ್ಳಬೇಕಾದ ಮಾತು. ಎರಡನ್ನೂ ತೆಗೆದು, ರಾತ್ರಿಯಿಡೀ ಹೊರಗೆ ನಿಂತಿದ್ದ ಒಂದು ಸೈಕಲ್ಲನ್ನು ಗಮನಿಸಿ. ಅದರ ಗಂಟೆಯ ಮೇಲೆ ಹಿಮ ಕುಳಿತಿದೆ. ಒತ್ತಿದರೆ ಟ್ರಿಣ್ ಎನ್ನಬೇಕಾದದ್ದು ಟಕ್ ಎಂದು ಸುಮ್ಮನಾಗುತ್ತದೆ.

ಮುಂಜಾನೆ ಹಿಮ —
ಸೈಕಲ್ಲಿನ ಗಂಟೆಯ
ದನಿ ತಗ್ಗಿದೆ

ಮೊದಲ ಸಾಲಿನ ಕೊನೆಯ ಗೆರೆ ಅಲಂಕಾರಕ್ಕಲ್ಲ. ಜಪಾನಿಯರು ‘ಯಾ’, ‘ಕನಾ’ ಮುಂತಾದ ತುಂಡರಿಸುವ ಪದಗಳಿಂದ ಪಡೆಯುವ ನಿಲುಗಡೆಯನ್ನು ನಾವು ಹೀಗೆ ಪಡೆಯಬಹುದು. ಕವಿತೆಗೆ ಒಂದು ನಿಲುಗಡೆ ಸಾಕು. ಎರಡಾದರೆ ಮೂರು ಚೂರುಗಳಾಗಿ ಬೀಳುತ್ತದೆ. ಗಂಟೆ ‘ಬಿಳಿ ಟೊಪ್ಪಿ ಧರಿಸಿದೆ’ ಎಂಬ ಹೋಲಿಕೆಯೂ ಹೊಳೆಯದೆ ಇರದು, ಆದರೆ ಅದು ಕಿವಿಯ ಕವಿತೆಯನ್ನು ಕಣ್ಣಿನ ಕಡೆಗೆ ಎಳೆದೊಯ್ಯುತ್ತದೆ.

ಹಿಮವನ್ನು ಕಣ್ಣಾರೆ ಕಾಣದಿದ್ದರೂ ಬರೆಯಬಹುದೇ ಎಂದು ಕೇಳುವವರಿದ್ದಾರೆ. ಜಪಾನಿನ ಹೈಕು ಕವಿ ಮಸಾಒಕ ಶಿಕಿ 1896ರಲ್ಲಿ ಕ್ಷಯದಿಂದ ಹಾಸಿಗೆ ಹಿಡಿದಿದ್ದಾಗ ಬರೆದ ಹೈಕುವೊಂದರಲ್ಲಿ ಇರುವುದು ಇಷ್ಟೇ: ಹಿಮ ಎಷ್ಟು ಆಳ ಬಿದ್ದಿದೆಯೆಂದು ಆತ ಮತ್ತೆ ಮತ್ತೆ ಕೇಳಿದ್ದು. ಹಿಮದ ವರ್ಣನೆ ಒಂದು ಪದವೂ ಇಲ್ಲ, ಉತ್ತರವೂ ಇಲ್ಲ.